ರುಚಿ ನೋಡುವ ಬಟ್ಟಲು

ತಂಬೂರಿನ ಸಾವಕ್ಕ ತಾನು ಮಾಡಿದ್ದನ್ನು ತಾನೇ ನಂಬದ ಹೆಂಗಸು. ಹೆಪ್ಪು ಹಾಕಿದವಳು ತಾನೇ ಆದರೂ ಬೆಳಿಗ್ಗೆ ಮೊಸರಿನ ಗಡಿಗೆಯ ಮುಚ್ಚಳ ತೆಗೆದು, ಕಳ್ಳನನ್ನು ಹಿಡಿದವಳಂತೆ ಹುಬ್ಬು ಗಂಟಿಕ್ಕುತ್ತಾಳೆ. ಬೇಸಿಗೆಯಲ್ಲಿ ಮಾವಿನಕಾಯಿ ಹೆರೆದು, ಬೆಲ್ಲ ಹಾಕಿ ಕುದಿಸಿಟ್ಟ ಗುಳಂಬದ ಭರಣಿಯ ಮೇಲೂ ಅದೇ ಗುಮಾನಿ. ರೇಡಿಯೊದಲ್ಲಿ ಪ್ರದೇಶ ಸಮಾಚಾರ ಮುಗಿದು, ಗಂಡ ಮೈಲಾರಪ್ಪ ರೊಟ್ಟಿ ಮುರಿದುಕೊಂಡು ಕುಳಿತರೂ ಅವನಿಗೆ ಇನ್ನೂ ಮೊಸರಿಲ್ಲ. ಮೊದಲ ಬಟ್ಟಲಿಗೆ ಕೆನೆಮೊಸರು ಹಾಕಿ, ನಡುವೆ ಗುಳಂಬ ಸುರಿದು, ಸೊಸೆ ದುರ್ಗವ್ವನ ಕೈಗಿಡುತ್ತಾಳೆ: “ನನ್ನ ನಾಲಿಗಿ ಸತ್ತೇತಿ. ಹುಳಿ ಆಗೇತೇನು ನೀನ ನೋಡಬೇ.” ಯಾರ ಮನೆಯ ಎಮ್ಮೆ ಯಾವ ಹೊಲದಲ್ಲಿ ಮೇಯ್ದಿದೆ ಎಂಬುದನ್ನು ಒಂದು ಗುಟುಕು ಹಾಲಿನಲ್ಲೇ ಹೇಳುವ ನಾಲಗೆ ಸಾವಕ್ಕನದು, ಊರಿಗೆಲ್ಲ ಗೊತ್ತು. ದುರ್ಗವ್ವ ಒಂದು ಚಮಚ ತಿಂದು, “ಚೊಲೊ ಐತ್ರಿ ಅತ್ತಿ” ಎಂದರೆ, “ಹುಳಿ ತಳದಾಗ ಇರತೇತಿ. ತಳದ ಮಟಾ ನೋಡು” ಎನ್ನುತ್ತಾಳೆ. “ಇನ್ನರ ನಮಗ ಹಾಕ್ತಿಯೇನು?” ಎಂದು ಮೈಲಾರಪ್ಪ ಗೊಣಗಿದರೆ ಅವಳಿಗೆ ಕಿವಿಯೇ ಕೇಳಿಸದು. ಗಂಡಸರು ಉಂಡ ಮೇಲೆಯೇ ಸೊಸೆ ಉಣ್ಣಬೇಕೆಂಬುದು ಆ ಮನೆಯ ರೂಢಿ. ರುಚಿ ನೋಡುವುದು ಊಟವಲ್ಲವಲ್ಲ. ಸಾವಕ್ಕ ಸೊಸೆಯಾಗಿ ಆ ಮನೆಗೆ ಬಂದ ವರ್ಷ, ಗುಳಂಬದ ರುಚಿ ಕಂಡದ್ದು ಭರಣಿ ತೊಳೆದ ನೀರಿನಲ್ಲಿ.