ಹೊಸ ಪೋಪ್, ನಮ್ಮ ಬೀದಿಯ ಗಂಟೆ

ಈಗಲೂ ಹಿಟ್ಟು ಜರಡಿ ಹಿಡಿಯುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಕಿಟಕಿಯ ಬಿಸಿಲಿನಲ್ಲಿ ಹಿಟ್ಟು ಇಳಿಯುವ ರೀತಿಯೇ ಅದು. ಆ ರಾತ್ರಿ ಟಾರ್ಚಿನ ಬೆಳಕಿನಲ್ಲಿ ಇಟ್ಟಿಗೆಯ ಪುಡಿ ಹೀಗೇ ಇಳಿದಿತ್ತು, ಅವಸರವಿಲ್ಲದೆ, ಸದ್ದಿಲ್ಲದೆ. ಅದರ ಕೆಳಗೆ ಒಬ್ಬ ಮುದುಕರು ಕಣ್ಣು ಮುಚ್ಚಿಕೊಂಡು ಗಂಟೆ ಬಾರಿಸುತ್ತಿದ್ದರು. ನಾನು ಟಾರ್ಚ್ ಹಿಡಿದು ನೋಡುತ್ತ ನಿಂತಿದ್ದೆ.

ಎರಡು ಸಾವಿರದ ಐದರ ಏಪ್ರಿಲ್. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಬೆಂಗಳೂರಿನ ಕಗ್ಗದಾಸಪುರದಲ್ಲಿ ನಮ್ಮ ತಾತನ ಕಾಲಕ್ಕೆ ಹೊಲವಾಗಿದ್ದ ಜಾಗದಲ್ಲಿ ಅಪ್ಪ ಸಾಲಾಗಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅಜ್ಜಿ ಮಾತ್ರ ಆ ಮನೆಗಳನ್ನು ಅಲ್ಲಿ ಹಿಂದೆ ಬೆಳೆಯುತ್ತಿದ್ದ ಬೆಳೆಯ ಹೆಸರಿನಲ್ಲೇ ಕರೆಯುತ್ತಿದ್ದಳು. ಹುಬ್ಬಳ್ಳಿಯಿಂದ ಬಂದು ಇಂದಿರಾನಗರದ ಕಂಪ್ಯೂಟರ್ ಆಫೀಸಿಗೆ ಹೋಗುತ್ತಿದ್ದವರು ರಾಗಿ ಮನೆಯವರು. ಕೊನೆಯದು ಅವರೆ ಮನೆ. ಅಲ್ಲಿ ದಂಡಿನ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಮಿಸ್ ಇದ್ದರು, ಜೊತೆಗೆ ಅವರ ಗಂಡ. ಅವರಿಬ್ಬರೂ ಕ್ರೈಸ್ತರು. ಮಿಸ್ಸಿನ ಗಂಡನನ್ನು ನಾನು ತಾತ ಎನ್ನುತ್ತಿದ್ದೆ. ಅವರು ನನ್ನನ್ನು ಮುದ್ದಿನಿಂದ ಕಣ್ಣು ಎನ್ನುತ್ತಿದ್ದರು, ಹೆಂಡತಿಯನ್ನು ಟೀಚರ್ ಎನ್ನುತ್ತಿದ್ದರು.

ತಾತ ಕಾರ್ಖಾನೆಯೊಂದರಲ್ಲಿ ದುಡಿದು ಮುಗಿಸಿದವರು. ಬೀದಿಯ ತುದಿಯ ಸಣ್ಣ ಚರ್ಚಿನ ಗಂಟೆ ಅವರ ಜವಾಬ್ದಾರಿ. ಅದನ್ನು ಯಾರೂ ಅವರಿಗೆ ವಹಿಸಿರಲಿಲ್ಲ, ತಾವಾಗಿಯೇ ತೆಗೆದುಕೊಂಡಿದ್ದರು. ಚರ್ಚಿನ ಪಕ್ಕದಲ್ಲಿ ಎರಡು ಮಾಳಿಗೆಯಷ್ಟು ಎತ್ತರದ ಇಟ್ಟಿಗೆಯ ಗೋಪುರ. ಒಳಗೆ ಗೋಡೆಗೆ ಹೊಂದಿಸಿದ ಕಬ್ಬಿಣದ ಏಣಿ. ಮೇಲೆ ಎರಡು ಹಲಗೆ. ಅದರ ಮೇಲೆ ಮರದ ತೊಲೆಗೆ ತೂಗುಬಿಟ್ಟ ಗಂಟೆ. ಕೆಳಗೆ ನಿಂತು ಹಗ್ಗ ಜಗ್ಗಿದರೆ ಅದು ನಿಧಾನವಾಗಿ ಹೊಡೆದುಕೊಳ್ಳುತ್ತಿತ್ತು. ಪೂಜೆಗೆ ಕರೆಯುವಾಗ ಒಂದಷ್ಟು ಏಟು. ಯಾರಾದರೂ ತೀರಿಕೊಂಡರೆ ಅವರ ವಯಸ್ಸಿನಷ್ಟು ಏಟು, ಒಂದೊಂದರ ನಡುವೆ ಒಂದು ಜಪ ಹೇಳಿ ಮುಗಿಸುವಷ್ಟು ಬಿಡುವು. ಈ ಲೆಕ್ಕ ಬೀದಿಗೆಲ್ಲ ಗೊತ್ತಿತ್ತು. ಹಾಲು ಕಾಯಿಸುತ್ತಲೇ ಹೆಂಗಸರು ಎಣಿಸುತ್ತಿದ್ದರು.

ಆ ತಿಂಗಳ ಮೊದಲ ಭಾನುವಾರ ಬೆಳಗಿನ ಜಾವ ಗಂಟೆ ಶುರುವಾಯಿತು, ನಿಲ್ಲಲೇ ಇಲ್ಲ. ರಂಗೋಲಿ ಹಾಕುತ್ತಿದ್ದ ಅಜ್ಜಿ ನಲವತ್ತರವರೆಗೆ ಎಣಿಸಿ, ಎಳೆ ತಪ್ಪಿಸಿಕೊಂಡು, ಅಷ್ಟಕ್ಕೇ ಲೆಕ್ಕ ಮುಗಿಸಿದಳು. ಚರ್ಚಿನ ಪಾದ್ರಿಗಳಿಗೂ ಸುಮಾರು ಅಷ್ಟೇ ವಯಸ್ಸು. ಅಯ್ಯೋ ಪಾಪ, ಎಳೇ ಜೀವ ಎಂದು ಗೋಳಾಡಿದಳು. ಅರ್ಧ ಗಂಟೆಯಲ್ಲಿ ಬೀದಿಯ ಆರೇಳು ಮಂದಿ ಹಾರ ಹಿಡಿದು ಚರ್ಚಿನ ಮುಂದೆ ನಿಂತಿದ್ದರು. ಹಾಲಿನವನು ಮಣ್ಣು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿದ್ದ. ಬಾಗಿಲು ತೆರೆದವರು ಸ್ವತಃ ಪಾದ್ರಿಗಳೇ, ಬನಿಯನ್ನಿನಲ್ಲಿ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು. ತೀರಿಕೊಂಡವರು ರೋಮಿನ ಪೋಪ್, ಹೊಡೆದದ್ದು ಎಂಬತ್ತನಾಲ್ಕು ಏಟು ಎಂದು ಆಮೇಲೆ ತಿಳಿಯಿತು. ಪಾದ್ರಿಗಳು ನಗದೆ ಹಾರಗಳನ್ನೆಲ್ಲ ಈಸಿಕೊಂಡು ಪೋಪರ ಪಟಕ್ಕೆ ಹಾಕಿದರು.

ಅಜ್ಜಿಗೆ ಅವಮಾನವಾಗಿತ್ತು. ಅದನ್ನು ತಾತನ ಮೇಲೆ ತೀರಿಸಿಕೊಂಡಳು. ಸಾವಿಗೂ ಅದೇ ಗಂಟೆ, ಹಬ್ಬಕ್ಕೂ ಅದೇ ಗಂಟೆ, ನಾಳೆ ನಿಮ್ಮ ಹೊಸ ಸ್ವಾಮಿಗಳು ಬಂದಾಗಲೂ ನಾವು ಹಾರ ತರಬೇಕಾ ಎಂದು ಕೇಳಿದಳು. ತಾತ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಹೊಸ ಪೋಪರಿಗೆ ಹೇಗೆ ಬಾರಿಸಬೇಕೆಂದು ಅವರು ಒಂದೇ ಸಲ ನೋಡಿದ್ದರು, ಮದುವೆಗೆ ಮುಂಚೆ ಶಿವಾಜಿನಗರದ ಕಡೆ ಇದ್ದಾಗ. ಅಲ್ಲಿನ ಚರ್ಚಿನ ಗಂಟೆಯವರು ಹಗ್ಗ ಬಿಟ್ಟು ಗೋಪುರ ಹತ್ತಿ, ಗಂಟೆಯ ನಾಲಗೆಯನ್ನೇ ಕೈಯಲ್ಲಿ ಹಿಡಿದು ಎರಡೂ ಪಕ್ಕಕ್ಕೆ ಬಡಿದಿದ್ದರಂತೆ. ಮಳೆ ಸುರಿದ ಹಾಗೆ ಸದ್ದು ಬಂತಂತೆ. ಎಪ್ಪತ್ತೆಂಟರಲ್ಲಿ ಒಂದೇ ವರ್ಷಕ್ಕೆ ಇಬ್ಬರು ಪೋಪರು ಬಂದರು, ತಾತನಿಗೆ ಎರಡು ಸಲವೂ ಸೆಕೆಂಡ್ ಶಿಫ್ಟು. ಯಂತ್ರದ ಸದ್ದಿನಲ್ಲಿ ಯಾವ ಗಂಟೆಯೂ ಕೇಳಲಿಲ್ಲ. ಆಮೇಲೆ ಇಪ್ಪತ್ತಾರು ವರ್ಷ ಹೊಸ ಪೋಪ್ ಬರಲೇ ಇಲ್ಲ. ಈ ಸಲ ತಾತನಿಗೆ ಎಪ್ಪತ್ತು. ಇನ್ನೊಂದು ಸಲ ಸಿಗುವುದಿಲ್ಲವೆಂದು ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತ ಅವರೆ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಆಯ್ಕೆ ಶುರುವಾದ ಮೇಲೆ ಮಿಸ್ ನಮ್ಮ ಹಜಾರದಲ್ಲಿ ಬಂದು ಕೂರುತ್ತಿದ್ದರು. ರಾಗಿ ಮನೆಯವರೂ ಬರುತ್ತಿದ್ದರು. ಮಠದಲ್ಲಾದರೆ ಮೊದಲೇ ಮರಿ ಮಾಡಿರುತ್ತಾರೆ, ಇವರಿಗೆ ಮರಿಸ್ವಾಮಿ ಇಲ್ವಾ ಎಂದು ಅಜ್ಜಿ ಕೇಳಿದಳು. ಇಲ್ಲ, ದೊಡ್ಡ ದೊಡ್ಡ ಗುರುಗಳೆಲ್ಲ ಒಂದು ಕೋಣೆಯಲ್ಲಿ ಬೀಗ ಹಾಕಿಕೊಂಡು ಚೀಟಿ ಹಾಕುತ್ತಾರೆ, ಆಯ್ಕೆಯಾಗದಿದ್ದರೆ ಚಿಮಣಿಯಲ್ಲಿ ಕಪ್ಪು ಹೊಗೆ, ಆದರೆ ಬಿಳಿ ಹೊಗೆ ಎಂದು ಮಿಸ್ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ಅಜ್ಜಿ ಎಲ್ಲವನ್ನೂ ಕೇಳಿ, "ಊಟಕ್ಕೆ?" ಎಂದಳು.

ಸುದ್ದಿ ಒಯ್ಯುವ ಕೆಲಸ ನನ್ನದು. ತಾತ ಚರ್ಚಿನ ಬಳಿ ಕಾಯುತ್ತಿದ್ದರು. ಮೊದಲ ರಾತ್ರಿ ಹೋಗಿ ಕಪ್ಪು ಎಂದೆ. ಮಾರನೆಯ ಮಧ್ಯಾಹ್ನ ಬಿಸಿಲಿನಲ್ಲಿ ಓಡಿಹೋಗಿ ಮತ್ತೆ ಕಪ್ಪು ಎಂದೆ. ಆ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಅದರ ತೋಳನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತರು.

ಅದೇ ದಿನ ರಾತ್ರಿ ಒಂಬತ್ತೂಕಾಲು ದಾಟಿರಬಹುದು. ಟಿವಿಯಲ್ಲಿ ಆ ಸಣ್ಣ ಚಿಮಣಿ, ಹಿಂದೆ ಇನ್ನೂ ಬೆಳಕಿರುವ ಆಕಾಶ, ಹೊಗೆ. ನಮ್ಮ ಟಿವಿಯ ಟ್ಯೂಬು ಹಳೆಯದಾಗಿ ಎಲ್ಲಕ್ಕೂ ಹಸಿರು ಬಳಿಯುತ್ತಿತ್ತು. ಟಿವಿಯವರಿಗೇ ಅನುಮಾನವಿದ್ದಂತಿತ್ತು.

"ಕರೀದೈತ್ರೀ ಮಿಸ್, ಈ ಸಲಾನೂ ಕರೀದ ಐತಿ" ಎಂದರು ರಾಗಿ ಮನೆಯವರು.

"ಇಲ್ಲಪ್ಪಾ, ಸ್ವಲ್ಪ ನೋಡು, ಬಿಳೀ ಥರಾನೇ ಇದೆ."

"ನಮ್ ಟಿವೀಲಿ ಹಾಲೂ ಹಸಿರಾಗೇ ಕಾಣ್ಸುತ್ತೆ, ಸುಮ್ನಿರ್ರಿ ಇಬ್ರೂ" ಎಂದಳು ಅಜ್ಜಿ.

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯೇ ಕತ್ತಲಾಯಿತು. ಮಿಸ್ ಕತ್ತಲಲ್ಲೇ ಕೈ ಜೋಡಿಸಿ ಕೂತರು. ನಾನು ಟಾರ್ಚ್ ತೆಗೆದುಕೊಂಡು, ಇನ್ನೂ ಗೊತ್ತಾಗಿಲ್ಲ ಎಂದು ತಾತನಿಗೆ ತಿಳಿಸಿ ಬರೋಣವೆಂದು ಹೊರಟೆ. ಅಷ್ಟನ್ನು ಹೇಳುವುದೇ ನನ್ನ ಉದ್ದೇಶವಾಗಿತ್ತು, ಇದನ್ನು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ತಾತ ಗೋಪುರದ ಬಾಗಿಲ ಕಲ್ಲಿನ ಮೇಲೆ ಕೂತಿದ್ದರು. ಕತ್ತಲಲ್ಲಿ ಅಂಗಿ ಮಾತ್ರ ಕಾಣುತ್ತಿತ್ತು. ನನ್ನನ್ನು ಕಂಡೊಡನೆ ಎದ್ದುನಿಂತರು.

"ಬಿಳೀನಾ ಕಣ್ಣು?"

"ಬಿಳಿ ತಾತ" ಎಂದುಬಿಟ್ಟೆ.

ಇನ್ನೊಂದು ಸಲ ಆ ಮುಖಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಿದ ಮರುಗಳಿಗೆಯೇ ತಿದ್ದಿಕೊಳ್ಳಬಹುದಿತ್ತು. ಆದರೆ ಅವರು ಆಗಲೇ ಏಣಿಗೆ ಕೈ ಹಾಕಿದ್ದರು. ಒಂದು ಮೆಟ್ಟಿಲು, ಒಂದು ಉಸಿರು. ನಾನು ಹಿಂದೆಯೇ ಹತ್ತಿದೆ, ಅವರ ಹಿಮ್ಮಡಿಗೆ ಬೆಳಕು ಹಿಡಿಯುತ್ತ.

ಮೇಲೆ ಗಾಳಿ ತಣ್ಣಗಿತ್ತು. ಗೋಪುರದ ನಾಲ್ಕು ಕಡೆಯೂ ತೆರೆದ ಕಿಂಡಿಗಳು. ನಮ್ಮ ಬೀದಿ ಕಪ್ಪಾಗಿ ಮಲಗಿತ್ತು. ದೂರದಲ್ಲಿ ಬೈಯಪ್ಪನಹಳ್ಳಿಯ ಕಡೆ ರೈಲಿನ ದೀಪಗಳು ಒಂದರ ಹಿಂದೊಂದು ಹೋಗುತ್ತಿದ್ದವು. ತಾತ ಹಲಗೆಯ ಮೇಲೆ ಕಾಲು ಅಗಲಿಸಿ ನಿಂತು, ಗಂಟೆಯ ನಾಲಗೆಯನ್ನು ಎರಡೂ ಕೈಯಲ್ಲಿ ಹಿಡಿದರು. ಮೊದಲ ಏಟಿಗೆ ನನ್ನ ಹಲ್ಲುಗಳು ನಡುಗಿದವು. ಆಮೇಲೆ ಬಿಡುವೇ ಇಲ್ಲದಂತೆ ಬಡಿದರು. ನಾನು ಹುಟ್ಟಿದಾಗಿನಿಂದ ಕೇಳಿದ ಗಂಟೆ ಅದಾಗಿರಲಿಲ್ಲ. ಅದು ಮಾತಾಡಲು ಕಲಿತ ಹಾಗಿತ್ತು. ಕೆಳಗೆ ಒಂದೊಂದೇ ಬಾಗಿಲು ತೆರೆದುಕೊಂಡು ಮೇಣದಬತ್ತಿಗಳು ಹೊರಗೆ ಬಂದವು. ಯಾರ ಕೈಯಲ್ಲೂ ಹಾರವಿರಲಿಲ್ಲ. ವಿಮಾನ ನಿಲ್ದಾಣ ಆಗ ಹತ್ತಿರದಲ್ಲೇ ಇತ್ತು. ಒಂದು ವಿಮಾನ ತೀರ ಕೆಳಗೆ, ಹೊಟ್ಟೆಯ ದೀಪ ಹೊತ್ತಿಸಿಕೊಂಡು ನಮ್ಮ ತಲೆಯ ಮೇಲೆಯೇ ಹಾದು ಇಳಿಯಿತು. ಅದರ ಸದ್ದೂ ಗಂಟೆಯಲ್ಲಿ ಮುಳುಗಿ ಹೋಯಿತು. ನಾನು ಅದನ್ನೇ ನೋಡುತ್ತಿದ್ದೆ. ಕಣ್ಣು ಕೆಳಗಿಳಿಸಿದಾಗ ಇಟ್ಟಿಗೆಯ ಪುಡಿ ಬೀಳುತ್ತಿತ್ತು.

ತೊಲೆಯ ಒಂದು ತುದಿ ಗೋಡೆಯೊಳಗೆ ಕೂತಿದ್ದ ಕಡೆಯಿಂದ ಅದು ಬರುತ್ತಿತ್ತು. ತುದಿ ಕೊಳೆತಿತ್ತು. ನಿಧಾನದ ಏಟುಗಳನ್ನು ಎಷ್ಟೋ ವರ್ಷ ತಡೆದುಕೊಂಡದ್ದು ಈ ಹೊಡೆತಕ್ಕೆ ಬೆರಳಷ್ಟು ಬೆರಳಷ್ಟೇ ಹೊರಗೆ ಜಾರುತ್ತಿತ್ತು. ಎಲ್ಲ ಸ್ಪಷ್ಟವಾಗಿ ಕಂಡಿತು, ಅರ್ಥವೂ ಆಯಿತು. ತಾತನ ಮುಖದ ಮೇಲೆ ಪುಡಿ ಬೀಳುತ್ತಿತ್ತು, ಕಣ್ಣು ಮುಚ್ಚಿತ್ತು, ತುಟಿ ತೆರೆದಿತ್ತು. ಅಂಥ ಮುಖವನ್ನು ನಾನು ಅದಕ್ಕೆ ಮುಂಚೆ ಯಾರಲ್ಲೂ ಕಂಡಿರಲಿಲ್ಲ. ಒಂದು, ಎರಡು, ಮೂರು. ನನ್ನೊಳಗೆ ಯಾರೋ ಏಟುಗಳನ್ನು ಎಣಿಸುತ್ತಿದ್ದರು. ನಾಲ್ಕು, ಐದು. ಆರು. ಏಳು. ಆಮೇಲೆ ಕೈ ತಾನಾಗಿ ಹೋಯಿತು. ಅವರ ಬಲತೋಳು ಹಿಡಿದು ಇಡೀ ಮೈಭಾರ ಹಾಕಿ ನನ್ನ ಕಡೆ ಎಳೆದೆ.

ಇಬ್ಬರೂ ಏಣಿಯ ಪಕ್ಕದ ಹಲಗೆಯ ಮೇಲೆ ಬಿದ್ದೆವು. ತೊಲೆ ಕಳಚಿತು. ಗಂಟೆ ಒಂದು ಮಗ್ಗುಲಿಗೆ ಕುಸಿದು, ತಾತ ನಿಂತಿದ್ದ ಹಲಗೆಯನ್ನು ಮುರಿದು, ತೊಲೆಯ ಇನ್ನೊಂದು ತುದಿಯ ಕಬ್ಬಿಣದ ಪಟ್ಟಿಗೆ ನೇತುಬಿದ್ದು ನಿಂತಿತು. ಮುರಿದ ಹಲಗೆ ಒಳಗಿನ ಕತ್ತಲಲ್ಲಿ ಕೆಳಗಿಳಿಯಿತು. ಅದು ನೆಲ ಮುಟ್ಟಿದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂದಂತೆ ನನಗನಿಸಿತು.

ಆಗ ಹೊರಗೆ ಚಪ್ಪಾಳೆ ಶುರುವಾಯಿತು. ಗಂಟೆ ನಿಂತದ್ದನ್ನು ಬೀದಿಯವರು ಮುಗಿಯಿತೆಂದುಕೊಂಡಿದ್ದರು. ಯಾರೋ ಶಿಳ್ಳೆ ಹೊಡೆದರು. ಆ ಚಪ್ಪಾಳೆಯ ಮೇಲೆ ನಾವಿಬ್ಬರೂ ತೇಲುತ್ತಿರುವ ಹಾಗೆ ಕೂತಿದ್ದೆವು. ಏನಾಯ್ತು ಕಣ್ಣು ಎಂದು ತಾತ ಜೋರಾಗಿ ಕೇಳಿದರು. ಅವರ ಕಿವಿ ಮುಚ್ಚಿಹೋಗಿತ್ತು. ನಾನು ಟಾರ್ಚನ್ನು ಗಂಟೆಯ ಕಡೆ ತಿರುಗಿಸಿದೆ. ಅವರು ನೋಡಿದರು. ಆಮೇಲೆ ಒಬ್ಬರ ಹಿಂದೊಬ್ಬರು ಏಣಿ ಇಳಿದೆವು.

ನಾವು ಹೊರಗೆ ಬರುವಾಗ ಕರೆಂಟು ಬಂತು. ಸ್ವಲ್ಪ ಹೊತ್ತಿಗೆ ಮಿಸ್ ಚಪ್ಪಲಿಯನ್ನೂ ಮೆಟ್ಟದೆ ಬೀದಿಯುದ್ದಕ್ಕೂ ಬಂದರು. ರೋಮಿನಲ್ಲೂ ಗಂಟೆ ಹೊಡೆಯುತ್ತಿದ್ದಾರೆ, ಬಿಳಿಯೇ, ಬಿಳಿಯೇ ಎಂದು ಅಳುತ್ತಿದ್ದರು. ಸುಳ್ಳು ನಿಜವಾಗಿತ್ತು, ಆದರೂ ಅದು ನನಗೆ ಸುಳ್ಳಾಗಿಯೇ ಉಳಿಯಿತು.

ಪಾದ್ರಿಗಳು ಒಳಗೆ ಹೋಗಿ ಗಂಟೆ ನೋಡಿ ಬಂದು ತಾತನ ತಲೆಯ ಮೇಲೆ ಕೈಯಿಟ್ಟರು. ಅಜ್ಜಿಗೆ ಮಾತ್ರ ನನ್ನ ಮುಖ ನೋಡಿಯೇ ಏನೋ ಅನಾಹುತ ತಪ್ಪಿದೆಯೆಂದು ಗೊತ್ತಾಯಿತು. ಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು, ಚರ್ಚಿನ ಅಂಗಳದಲ್ಲೇ ನನಗೆ ಮತ್ತು ತಾತನಿಗೆ ಇಳಿ ತೆಗೆದು ದೃಷ್ಟಿ ನಿವಾಳಿಸಿದಳು. ಆಮೇಲೆ ಯೋಚಿಸಿ, ತಲೆಯೆತ್ತಿ, ಗೋಪುರಕ್ಕೂ ಮೂರು ಸುತ್ತು ತೆಗೆದು, ಅಲ್ಲೇ ಬೆಂಕಿ ಮಾಡಿ ಎಲ್ಲವನ್ನೂ ಸುಟ್ಟಳು. ಯಾರೂ ಬೇಡವೆನ್ನಲಿಲ್ಲ. ಪಾದ್ರಿಗಳು ಕೆಮ್ಮುತ್ತ ಮೆಣಸಿನಕಾಯಿಯ ಹೊಗೆಯಿಂದ ದೂರ ಸರಿದು ನಿಂತರು.

ಆ ತಿಂಗಳೇ ಕಬ್ಬಿಣದ ತೊಲೆ ಬಂತು, ಏಣಿಯ ಬುಡಕ್ಕೆ ಬಾಗಿಲು ಕೂತು ಬೀಗ ಬಿತ್ತು. ತಾತನ ಬಲತೋಳು ಆಮೇಲೆ ಕಿವಿಗಿಂತ ಮೇಲೆ ಏಳಲಿಲ್ಲ. ಎಡಗೈಯಲ್ಲಿ ಹಗ್ಗ ಜಗ್ಗುತ್ತಿದ್ದರು. ಒಂದೆರಡು ವರ್ಷದ ಮೇಲೆ ಅವರಿಬ್ಬರೂ ಮನೆ ಖಾಲಿ ಮಾಡಿ ಕಮ್ಮನಹಳ್ಳಿಯಲ್ಲಿದ್ದ ಮಿಸ್ಸಿನ ತಂಗಿಯ ಮನೆಯ ಮಹಡಿಗೆ ಹೋದರು. ಅವರೆ ಮನೆಗೆ ಬೇರೆಯವರು ಬಂದರು. ನನಗೆ ಅಷ್ಟು ಹೊತ್ತಿಗೆ ಕೆಲಸ ಸಿಕ್ಕಿತ್ತು. ಒಂದು ಸಂಜೆ ಬಸ್ಸಿಳಿದು ಅವರನ್ನು ನೋಡಲು ಹೋದೆ. ಮಿಸ್ ಒಳಗೆ ಕಾಫಿ ಮಾಡುತ್ತಿದ್ದರು. ತಾತ ಬಾಲ್ಕನಿಯಲ್ಲಿ ಕೂತು, ಕೆಳಗಿನ ಅಂಗಡಿಗಳ ದೀಪ ಹೊತ್ತಿಕೊಳ್ಳುವುದನ್ನು ನೋಡುತ್ತಿದ್ದರು. ಆ ರಾತ್ರಿಯ ಮಾತು ಹೇಳಲೆಂದೇ ಬಂದಿದ್ದೆ. ಆದರೆ ಮೊದಲು ಮಾತೆತ್ತಿದವರು ಅವರು.

"ಆ ದಿನ ನೀನು ಬಿಳಿ ಹೊಗೆ ನೋಡಿರ್ಲಿಲ್ಲ, ಅಲ್ವಾ?"

ನಾನು ಬಾಲ್ಕನಿಯ ಕಂಬಿ ಹಿಡಿದುಕೊಂಡೆ.

"ಬೀದೀಲೆಲ್ಲಾ ಕರೆಂಟಿಲ್ಲ. ನೀನು ಟಾರ್ಚ್ ಹಿಡ್ಕೊಂಡು ಬಂದೆ. ನಿಮ್ಮನೇಲಿ ಮಾತ್ರ ಟಿವಿ ಓಡ್ತಿತ್ತಾ?"

"ಮತ್ತೆ ಯಾಕೆ ಹತ್ತಿದ್ರಿ ತಾತ?"

"ಹತ್ಬೇಕಿತ್ತು ಕಣ್ಣು. ಯಾರಾದ್ರೂ ಬಿಳಿ ಅಂದ್ರೆ ಸಾಕಾಗಿತ್ತು." ಎಡಗೈಯಿಂದ ಬಲಭುಜವನ್ನು ಒತ್ತಿಕೊಂಡರು. "ನೀನು ತಕ್ಷಣ ಎಳೆದೆ ನೋಡು, ಅದಕ್ಕೇ ಇಲ್ಲಿ ಕೂತಿದೀನಿ."

ಸುಳ್ಳಿನ ಭಾರ ಅವರೇ ಇಳಿಸಿದ್ದರು. ತಕ್ಷಣ ಎಂಬ ಈ ಒಂದು ಶಬ್ದದ ಭಾರ ಉಳಿದಿತ್ತು.

"ತಕ್ಷಣ ಅಲ್ಲ ತಾತ. ತೊಲೆ ಜಾರೋದು ಕಾಣಿಸ್ತಿತ್ತು ನಂಗೆ. ಸುಮ್ನೆ ನಿಂತಿದ್ದೆ. ಏಳು ಏಟು ಆದ್ಮೇಲೆ ಎಳೆದೆ."

ತಾತ ನನ್ನ ಕಡೆ ತಿರುಗಲಿಲ್ಲ. ಕೆಳಗೆ ಬೇಕರಿಯ ದೀಪ ಎರಡು ಸಲ ಮಿನುಗಿ ಹೊತ್ತಿಕೊಂಡಿತು. ಅವರ ಬಲಗೈಯ ಬೆರಳುಗಳು ಮಡಿಲಲ್ಲಿ ಏನನ್ನೋ ಹಿಡಿದ ಹಾಗೆ ಮಡಚಿಕೊಂಡವು.

"ಏಳಾ?" ಎಂದರು. "ಹಂಗಾದ್ರೆ ನಂಗೆ ಏಳು ಏಟು ಜಾಸ್ತಿ ಸಿಕ್ತು ಅನ್ನು."

ಅವರು ನಕ್ಕರು. ನನಗೆ ನಗಲಾಗಲಿಲ್ಲ. ಮಿಸ್ ಕಾಫಿ ತಂದರು. ಏನು ನಗು ಇಬ್ಬರದೂ ಎಂದು ಕೇಳಿದರು. ಏನಿಲ್ಲ ಟೀಚರ್, ಹಳೇ ಮಾತು ಎಂದು ತಾತ ಎಡಗೈ ಚಾಚಿ ಲೋಟ ತೆಗೆದುಕೊಂಡರು.