ದಪ್ಪ ಪಿನ್ನು ಒಂಟಿ ತೂತಿಗೆ

ಚನಬಸಪ್ಪನವರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಪೀಣ್ಯದ ಸಣ್ಣ ಕೈಗಾರಿಕೆಗಳ ಸಂಘವೊಂದರ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ರಂಥಪಾಲಕರು. ಅಲ್ಲಿ ಪುಸ್ತಕಕ್ಕಿಂತ ತರಬೇತಿ ವಿಡಿಯೊಗಳಿಗೇ ಗಿರಾಕಿ ಜಾಸ್ತಿ. ಆದರೆ ಅವರು ಹೆಸರು ಮಾಡಿದ್ದು ನವೆಂಬರಿನಲ್ಲಿ. ಸುತ್ತಲ ಕಾರ್ಖಾನೆಗಳ ರಾಜ್ಯೋತ್ಸವಕ್ಕೆಲ್ಲ ನಿರೂಪಣೆ ಅವರದೇ. ತಮ್ಮ ಕಂಠ ಕೇಳದೆ ಬಾವುಟ ಮೇಲೇರುವುದಿಲ್ಲ ಎಂದು ಬೇರೆ ಯಾರೂ ಹೇಳದ್ದರಿಂದ ಅವರೇ ಹೇಳಿಕೊಳ್ಳುತ್ತಿದ್ದರು.

ಮಂಗಳವಾರ ದಾನೇಶ್ವರಿ ಬಂದಳು. ಇಪ್ಪತ್ತನಾಲ್ಕು ವರ್ಷ, ಕಣ್ಣು ಕಾಣದು. ಬಿಳಿ ಕೋಲು ಹಿಡಿದು ದಾಸರಹಳ್ಳಿಯಿಂದ ಮೆಟ್ರೊದಲ್ಲಿ ಒಬ್ಬಳೇ ಬರುತ್ತಾಳೆ. ಮೂರು ಪಿನ್ನಿನ ಪ್ಲಗ್ ಜೋಡಿಸುವ ಫ್ಯಾಕ್ಟರಿಯೊಂದು ಅವಳನ್ನು ಬರುವ ಸೋಮವಾರ ಪರೀಕ್ಷೆಗೆ ಕರೆದಿತ್ತು. ಅರ್ಧ ಗಂಟೆಯಲ್ಲಿ ಇಪ್ಪತ್ತು ಪ್ಲಗ್ ಜೋಡಿಸಿದರೆ ಕೆಲಸ. ಎಲ್ಲರೂ ನೋಡಿ ಕಲಿಯುವ ವಿಡಿಯೊ ಈ ಗ್ರಂಥಾಲಯದಲ್ಲೇ ಇತ್ತು. ಅವಳು ಅದನ್ನು ಒಂಬತ್ತು ಸಲ ಕೇಳಿದ್ದಳು.

"ಸರ್, ಆ ಮಾಸ್ತರು 'ಇದನ್ನ ಇಲ್ಲಿ ಹಾಕಿ, ಅದನ್ನ ಹೀಗೆ ತಿರುಗಿಸಿ' ಅಂತಾರ. ಯಾವ್ದನ್ನ? ಎಲ್ಲಿ? ಹೆಂಗ?"

"ಚಿಂತಿ ಮಾಡಬ್ಯಾಡವಾ, ನಾ ಅದೀನಲ್ಲ," ಎಂದರು ಗದಗ ಊರಿನ ಚನಬಸಪ್ಪ. ವಿಡಿಯೊದಲ್ಲಿ ಕಾಣುವುದನ್ನೆಲ್ಲ ತಮ್ಮ ದನಿಯಲ್ಲಿ ವಿವರಿಸಿ ಸೇರಿಸಿಬಿಡುವುದೆಂದು ತೀರ್ಮಾನವಾಯಿತು. ಎರಡು ದಿನ ಬಾಗಿಲು ಹಾಕಿಕೊಂಡು, ಬಿಸಿನೀರಿಗೆ ಜೇನು ಹಾಕಿ ಕುಡಿದು, ಮೈಕಿನ ಮುಂದೆ ನಿಂತರು.

ಶುಕ್ರವಾರ ಬೆಳಿಗ್ಗೆ ದಾನೇಶ್ವರಿ ಬಿಡಿಭಾಗಗಳ ಡಬ್ಬಿ ಮುಂದಿಟ್ಟುಕೊಂಡು ಕೂತಳು. ದನಿ ಮೊಳಗಿತು:

"ಸಹೃದಯರೇ, ಇದೀಗ ತಮ್ಮ ಸಮ್ಮುಖದಲ್ಲಿ, ಹಾಲಿನಂಥ ಬಿಳಿಯ ಮೇಜಿನ ಮೇಲೆ, ಹೊಂಬಣ್ಣದ ಮೂರು ಪಿನ್ನುಗಳು ಕಂಗೊಳಿಸುತ್ತಿವೆ. ನೀಲಿ ಅಂಗಿಯ ತರಬೇತುದಾರರು ಮಂದಹಾಸ ಬೀರುತ್ತ ಅವುಗಳಲ್ಲೊಂದನ್ನು ತಮ್ಮ ಅಮೃತಹಸ್ತದಿಂದ..."

ಅಷ್ಟರಲ್ಲಿ ವಿಡಿಯೊದ ಮಾಸ್ತರು ಮೂರು ಪಿನ್ನೂ ಕೂರಿಸಿ ಮುಗಿಸಿದ್ದರು. ದಾನೇಶ್ವರಿಯ ಕೈಯ ಪಿನ್ನು ಗಾಳಿಯಲ್ಲೇ ಇತ್ತು.

"ಸರ್, ಪಿನ್ನಿಗೆ ಹಾರ ಹಾಕೋದೊಂದು ಬಾಕಿ ಐತಿ ನೋಡ್ರಿ."

ಚನಬಸಪ್ಪನವರ ಮುಖ ಸಣ್ಣದಾಯಿತು. ಎದ್ದರು, ಕಿಟಕಿ ತೆಗೆದರು, ಮತ್ತೆ ಮುಚ್ಚಿದರು. ಕಸ ಗುಡಿಸುತ್ತಿದ್ದ ಸೊಣ್ಣಮ್ಮ ಪೊರಕೆಗೆ ಒರಗಿ ನಿಂತಳು. ಪೀಣ್ಯದಲ್ಲಿ ಹೊಲಗಳಿದ್ದ ಕಾಲದಿಂದಲೂ ಅಲ್ಲೇ ಇರುವ ಮನೆತನದವಳು.

"ಅಣ್ಣ, ದಪ್ಪ ಪಿನ್ನು ಒಂಟಿ ತೂತಿಗೆ ಓಗ್ಬೇಕು. ಮೊದ್ಲು ಅದನ್ನ ಏಳಿ."

"ನಿನಗೆ ಹೇಗಮ್ಮ ಗೊತ್ತು?"

"ಅನ್ನೊಂದು ವರ್ಸ ಪ್ಲಗ್ ಫ್ಯಾಕ್ಟ್ರೀಲಿ ಇದ್ನೇ ಮಾಡಿವ್ನಿ. ಯಾವತ್ತಾನಾ ಕೇಳಿದ್ರಾ ನೀವು?"

ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ. ಉಳಿದದ್ದು ಎರಡೇ ದಿನ. ದಾನೇಶ್ವರಿ ಮನೆಯಲ್ಲಿ ಕೇಳುತ್ತ ನೂರು ಸಲ ಜೋಡಿಸಿ ಕೈ ಪಳಗಿಸಬೇಕು. ಚನಬಸಪ್ಪ ಸೊಣ್ಣಮ್ಮನನ್ನು ಮೈಕಿನ ಮುಂದೆ ಕೂರಿಸಿದರು. "ಸ್ವಾಗತ ಒಂದು ನಂದಿರಲಿ," ಎಂದು ಚೌಕಾಸಿಗಿಳಿದರು.

"ಸ್ವಾಗತ ಕೇಳ್ಕೋತ ಕುಂತ್ರ ಒಂದು ಪ್ಲಗ್ ಕಡಿಮಿ ಆಗ್ತೈತ್ರಿ," ಎಂದಳು ದಾನೇಶ್ವರಿ.

ಬರಿಗೈಯಲ್ಲಿ ಸೊಣ್ಣಮ್ಮನ ಬಾಯಿ ಕಟ್ಟಿಹೋಯಿತು. ಕೈಗೆ ಪ್ಲಗ್ ಕೊಟ್ಟದ್ದೇ ಮಾತು ತಾನಾಗಿ ಬಂತು. "ತೂತು ಮೂರವೆ, ಬೆರಳಾಡ್ಸು. ಎರಡು ಪಕ್ಕಪಕ್ಕ, ಒಂದು ಒಂಟಿ. ದಪ್ಪ ಪಿನ್ನು ಒಂಟಿ ತೂತಿಗೆ. ಸ್ಕ್ರೂ ತಲೆ ನಿನ್ ಎದೆ ಕಡೀಕಿರ್ಲಿ. ಬಿಗಿ ಮಾಡಿ ಉಗುರಲ್ಲಿ ಅಲ್ಲಾಡ್ಸು. ಅಲ್ಲಾಡುದ್ರೆ ಇನ್ನೊಂದು ಸುತ್ತು."

ಅವಳ ಮಾತು ಮುಗಿಯುವವರೆಗೆ ಚಿತ್ರವನ್ನು ನಿಲ್ಲಿಸುವುದು, ಮುಗಿದ ಮೇಲೆ ಬಿಡುವುದು: ಚನಬಸಪ್ಪನವರಿಗೆ ಅಷ್ಟೇ ಕೆಲಸ. ನಡುವೆ ಮೂರು ಸಲ ಬಾಯಿ ತೆರೆದರು. ಮೂರು ಸಲವೂ ದಾನೇಶ್ವರಿ "ಶ್!" ಎಂದಳು.

ಸೋಮವಾರ ಅವರು ಕುರ್ಚಿಯಲ್ಲಿ ಕೂತದ್ದೇ ಇಲ್ಲ. ವೆಲ್ಡಿಂಗ್ ಪುಸ್ತಕವನ್ನು ಅಡುಗೆಯ ಸಾಲಿಗೆ ಸೇರಿಸಿದರು, ತೆಗೆದು ಕಾನೂನಿನ ಸಾಲಿಗಿಟ್ಟರು. "ಒಂದ್ಕಡೆ ಕೂತ್ಕಳಿ ಅಣ್ಣ, ನಿಮ್ ಕಾಲಡಿ ಗುಡ್ಸಕ್ಕಾಗ್ತಿಲ್ಲ," ಎಂದು ಸೊಣ್ಣಮ್ಮ ರೇಗಿದಳು. ಹನ್ನೆರಡೂವರೆಗೆ ಫೋನ್ ಬಂತು.

"ಹತ್ತೊಂಬತ್ತು ಆದ್ವು ಸರ್."

ಚನಬಸಪ್ಪ ಕೈಲಿದ್ದ ಪುಸ್ತಕ ಕೆಳಗಿಟ್ಟರು. ಒಂದು ಕಡಿಮೆ.

"ಇಪ್ಪತ್ತನೇದಕ್ಕ ಮುಚ್ಚಳ ಕುಂದ್ರಸಾಕತ್ತಿದ್ದೆ, ಟೈಮ್ ಆತು ಅಂದ್ರು. ಆದ್ರ ಹತ್ತೊಂಬತ್ತೂ ಬಿಚ್ಚಿ ನೋಡಿದ್ರು, ಒಂದು ಸ್ಕ್ರೂನೂ ಸಡ್ಲ ಇರ್ಲಿಲ್ಲ. ನಾಳೆಯಿಂದ ಬಾ, ಒಂದು ತಿಂಗ್ಳು ನೋಡ್ತೀವಿ ಅಂದಾರ. ಅಷ್ಟರಾಗ ಸ್ವಿಚ್ ಜೋಡಿಸೋದೂ ಕಲೀಬೇಕಂತ. ಆ ವಿಡಿಯೊದಾಗೂ ಮಾಸ್ತರು ಬರೇ ಇದು, ಅದು ಅಂತಾರ್ರಿ."

ಚನಬಸಪ್ಪ ಆಸೆಯಿಂದ ಸೊಣ್ಣಮ್ಮನತ್ತ ತಿರುಗಿದರು.

"ಸ್ವಿಚ್ಚು ನಂಗ್ ಬರಾಕಿಲ್ಲ. ಇಂದ್ಗಡೆ ರಸ್ತೆ ಸ್ವಿಚ್ ಫ್ಯಾಕ್ಟ್ರೀಲಿ ಒಂದ್ಗಂಟೆಗೆ ಎಂಗಸ್ರನ್ನ ಊಟಕ್ಕೆ ಬಿಡ್ತಾರೆ. ಓಗಿ ಕೇಳಿ."

ಅವರು ಚಪ್ಪಲಿ ಮೆಟ್ಟಿದವರೇ ಹೊರಟರು. ಗೇಟು ತೆರೆದು ಊಟದ ಡಬ್ಬಿ ಹಿಡಿದ ಹೆಂಗಸರು ಹೊರಬಂದಾಗ, ಅವರ ಮಾತು ಮುದ್ರಿಸಿಕೊಳ್ಳಲು ಮೊಬೈಲ್ ಹಿಡಿದು ಅಡ್ಡ ನಿಂತರು. "ಅಕ್ಕಾ, ಒಂದ್ನಿಮಿಷ..."

"ಇನ್ಶೂರೆನ್ಸ್ ಬೇಡಣ್ಣ, ಹೋಗು," ಎಂದಳೊಬ್ಬಳು. ಉಳಿದವರು ನಿಲ್ಲಲೂ ಇಲ್ಲ. ಚನಬಸಪ್ಪ ಅವರ ಹಿಂದೆಯೇ, ಎಲ್ಲರೂ ಕೂತು ಡಬ್ಬಿ ಬಿಚ್ಚುವ ಹೊಂಗೆ ಮರದವರೆಗೂ ನಡೆದರು.