ನೇವಿಯವರ ಮಗಳು

ಮೇ ತಿಂಗಳ ಉರಿಬಿಸಿಲಿನಲ್ಲಿ ನದಿಗೆ ಕಾಲಿಟ್ಟರೆ ನೀರು ಮಂಜುಗಡ್ಡೆಯಂತೆ ಕಚ್ಚಿತು. ನಮ್ಮ ಶರಾವತಿ ಸಮುದ್ರ ಸೇರುವ ಕಡೆ ಆ ತಿಂಗಳಲ್ಲಿ ನೀರು ಉಪ್ಪುಪ್ಪಾಗಿ, ಬೆಚ್ಚಗಿರುತ್ತದೆ. ಹೃಷಿಕೇಶದ ಮೇಲಿನ ಈ ಗಂಗೆ ಹಿಮ ಕರಗಿ ಬಂದವಳು. ಎರಡೂ ದಡದಲ್ಲಿ ಸಾಲ್ ಮರಗಳ ಕಾಡು. ನನ್ನ ತಲೆಗೆ ಹೆಲ್ಮೆಟ್, ಮೈಗೆ ಕಿತ್ತಳೆ ಬಣ್ಣದ ಜಾಕೆಟ್. ದೋಣಿಯಲ್ಲೇ ಬೆಳೆದ ನನಗೆ ದೋಣಿಯಲ್ಲಿ ಕೂರುವುದು ಹೇಗೆಂದು ಬಿಷ್ಟ್ ಎಂಬ ತರಬೇತುದಾರ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ.

ದಿಲ್ಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಕೆಲವು ಕುಟುಂಬಗಳು ಬಸ್ಸು ಮಾಡಿಕೊಂಡು ಬಂದಿದ್ದೆವು. ಹೊಸಬರಿಗೆಂದೇ ಇರುವ ಅರ್ಧ ದಿನದ ಯಾನ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಕೆಳಗಿನ ದಡ. ಗಂಡನಿಗೆ ರಜೆ ಸಿಗಲಿಲ್ಲ. ಇಬ್ಬರು ಕೂರುವ ದೋಣಿಯಲ್ಲಿ ಹನ್ನೊಂದು ವರ್ಷದ ಮಗಳು ಶ್ರೇಯಾ ಮುಂದೆ ಕೂತಳು, ನಾನು ಹಿಂದೆ.

ಉಳಿದವರ ದೋಣಿಗಳು ನಿಂತಲ್ಲೇ ಸುತ್ತುತ್ತಿದ್ದವು. ನಮ್ಮದು ನೆಟ್ಟಗೆ ಹೋಯಿತು. ಹುಟ್ಟು ಹಾಕಿ, ಕೊನೆಯಲ್ಲಿ ಮಣಿಕಟ್ಟನ್ನು ಚೂರು ತಿರುಗಿಸಬೇಕು. ಅಪ್ಪ ಇದನ್ನು ಬಾಯಲ್ಲಿ ಹೇಳಿಕೊಟ್ಟವರಲ್ಲ, ನನ್ನ ಕೈಮೇಲೆ ಕೈಯಿಟ್ಟು ಕಲಿಸಿದವರು. ಹದಿನಾಲ್ಕು ವರ್ಷ ದಿಲ್ಲಿಯಲ್ಲಿ ಫೈಲು ಹಿಡಿದ ಕೈ ಅದನ್ನು ಮರೆತಿರಲಿಲ್ಲ.

ಬಿಷ್ಟ್ ಹತ್ತಿರ ಬಂದು, ಇದನ್ನೆಲ್ಲಿ ಕಲಿತಿರಿ ಮೇಡಂ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಶ್ರೇಯಾ ಹೇಳಿದಳು: "ಮೇರೇ ನಾನಾಜೀ ನೇವಿ ಮೇ ಥೇ." ನನ್ನಜ್ಜ ನೇವಿಯಲ್ಲಿದ್ದರು ಎಂದು. ಬಿಷ್ಟ್ ನನಗೊಂದು ಸೆಲ್ಯೂಟ್ ಹೊಡೆದ. ಪಕ್ಕದ ದೋಣಿಯಿಂದ ನೆರೆಮನೆಯ ಶರ್ಮಾ ಆಂಟಿ, ಅದಕ್ಕೇ ಮತ್ತೆ ಇಷ್ಟು ಚೆನ್ನಾಗಿ ನಡೆಸುತ್ತಾಳೆ ಎಂದು ಮೆಚ್ಚಿಕೊಂಡರು.

ಆ ಸುಳ್ಳು ಮಗಳದ್ದಲ್ಲ, ನನ್ನದು. ದಿಲ್ಲಿಗೆ ಬಂದ ಹೊಸದರಲ್ಲಿ ಮುನಿರ್ಕಾದಲ್ಲಿ ಬಾಡಿಗೆ ಕೋಣೆ ಹುಡುಕುತ್ತಿದ್ದೆ. ಮದ್ರಾಸಿ, ಒಂಟಿ ಹುಡುಗಿ ಎಂದು ಮೂರು ಮನೆಯವರು ಬಾಗಿಲಲ್ಲೇ ಸಾಗಹಾಕಿದ್ದರು. ನಾಲ್ಕನೆಯ ಮನೆಯಾಕೆ ಅಪ್ಪ ಏನು ಮಾಡುತ್ತಾರೆ ಎಂದರು. ದೋಣಿಗೆ ಹಿಂದಿಯಲ್ಲಿ 'ನಾವ್' ಎನ್ನುತ್ತಾರೆ. ಹರಕು ಹಿಂದಿಯಲ್ಲಿ ಅಪ್ಪನದು ನಾವ್ ಕೆಲಸ ಎಂದೆ. ಆಕೆಗೆ ಅದು ನೇವಿ ಎಂದು ಕೇಳಿಸಿತು. ಮುಖ ಅರಳಿತು, ಚಹಾ ಬಂತು, ಕೋಣೆಯೂ ಸಿಕ್ಕಿತು. ನಾನು ತಿದ್ದಲಿಲ್ಲ. ಆಮೇಲೆ ಯಾರೂ ತಪ್ಪಾಗಿ ಕೇಳಿಸಿಕೊಳ್ಳಬೇಕಾಗಲಿಲ್ಲ. ಆಫೀಸಿನಲ್ಲಿ, ಕ್ವಾರ್ಟರ್ಸಿನಲ್ಲಿ ನಾನೇ ಹಾಗೆ ಹೇಳಿದೆ. ಶ್ರೇಯಾ ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಾಗ ದಿಲ್ಲಿಯವರು ಸಂತಾಪ ಹೇಳಿದ್ದು ಒಬ್ಬ ನೇವಿ ಅಧಿಕಾರಿಗೆ. ಶ್ರೇಯಾ ಊರು ಕಂಡದ್ದು ಎರಡೇ ಸಲ, ಅದೂ ತೀರಾ ಚಿಕ್ಕವಳಿದ್ದಾಗ. ಅಷ್ಟರಲ್ಲಿ ಸೇತುವೆ ಬಂದು, ದೋಣಿಯಲ್ಲಿ ಹೊಳೆ ದಾಟಿಸುವ ಕಡವು ನಿಂತಿತ್ತು.

ನದಿ ತಿರುಗುವಲ್ಲಿ, ಮರದ ನೆರಳಿನಡಿ ನೀರು ನಿಂತಂತಿತ್ತು. ಬೇರೆ ದೋಣಿಗಳು ಹಿಂದುಳಿದಿದ್ದವು. ಇಲ್ಲಿ ಹೇಳದಿದ್ದರೆ ಇನ್ನೆಲ್ಲೂ ಹೇಳಲಾರೆ ಅನಿಸಿತು.

"ಶ್ರೇಯಾ, ಅಜ್ಜ ನೇವಿಲಿ ಇರ್ಲಿಲ್ಲ. ಅಂಬಿಗರು. ಜನರನ್ನ ಹೊಳೆ ದಾಟಿಸ್ತಿದ್ರು."

ಅವಳು ತಿರುಗಲಿಲ್ಲ. ಹೆಲ್ಮೆಟ್ಟಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು.

"ಮತ್ತೆ ನೀನು ಯಾಕೆ ಹಂಗ್ ಹೇಳಿದ್ದು?"

ಮುನಿರ್ಕಾದ ಕತೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಅಚ್ಛಾ. ಬಸ್ ಮೇ ಕಿಸೀ ಕೋ ಮತ್ ಬತಾನಾ, ಅಮ್ಮ," ಎಂದಳು. ಬಸ್ಸಿನಲ್ಲಿ ಯಾರಿಗೂ ಹೇಳಬೇಡ.

ವಾಪಸು ಬರುವಾಗ ಶರ್ಮಾ ಆಂಟಿ ಅಪ್ಪನ ಹಡಗಿನ ಒಂದು ಕತೆ ಹೇಳೆಂದು ಹಟ ಹಿಡಿದರು. ಮಳೆಗಾಲದ ನೆರೆಯಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಅಪ್ಪ ಒಬ್ಬರೇ ದಡ ಸೇರಿಸಿದ್ದನ್ನು ಹೇಳಿದೆ. ಎಲ್ಲವೂ ನಿಜ, ಹಡಗು ಎಂಬ ಮಾತೊಂದನ್ನು ಬಿಟ್ಟು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು.

ಊರಿನಲ್ಲಿ ನಾನು ಈಗಲೂ ಕಡವಿನ ಗಣಪಯ್ಯನ ಮಗಳು. ಅಲ್ಲಿಗೆ ಇವಳನ್ನು ಕರೆದೊಯ್ಯಲು ಅಂದಿನಿಂದ ನನಗೆ ಅಂಜಿಕೆ. ಅಂದು ಬಸ್ಸಿನಲ್ಲಿ ಚಪ್ಪಾಳೆ ನಿಂತ ಮೇಲೆ ಶ್ರೇಯಾ ಸೀಟಿನ ಮರೆಯಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಮಾನ ಉಳಿಸಿದ್ದಕ್ಕೆ ಅದು ಕೃತಜ್ಞತೆ ಎಂದು ನನಗೆ ಗೊತ್ತಾಯಿತು. ಕೈ ಬಿಡಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.